ಎರರ್ ಬರಲಿಲ್ಲ ಅಂದ ಮಾತ್ರಕ್ಕೆ ಡೇಟಾ ಸರಿಯಾಗಿ ಲೋಡ್ ಆಯ್ತು ಅಂದ್ಕೋಬೇಡಿ

ರಾಶಿ ಸಿಎಸ್‌ವಿ ಫೈಲುಗಳನ್ನು (ಅಲ್ಪವಿರಾಮ ಹಾಕಿ ವಿವರ ಬೇರ್ಪಡಿಸಿದ ಪಠ್ಯ ಫೈಲು) ಮೈಎಸ್‌ಕ್ಯುಎಲ್ ಡೇಟಾಬೇಸ್‌ನ ಟೇಬಲ್‌ಗೆ ತುಂಬುವವರು ದಯವಿಟ್ಟು ಇದನ್ನು ಓದಿ. ‘ಲೋಡ್ ಡೇಟಾ ಲೋಕಲ್ ಇನ್‌ಫೈಲ್’ ಅನ್ನುವ, ನಮ್ಮ ಕಂಪ್ಯೂಟರಿನ ಫೈಲನ್ನು ಸರ್ವರ್‌ನ ಟೇಬಲ್‌ಗೆ ತುಂಬುವ ಆದೇಶ ಬಳಸುವವರಂತೂ ಓದಲೇಬೇಕು.

ನಮ್ಮಲ್ಲಿಗೆ ಗ್ರಾಹಕರ ಹಳೆಯ ದಾಖಲೆಗಳು ತಾಲ್ಲೂಕಿಗೊಂದು ಫೈಲಿನಂತೆ ಬಂದಿದ್ದವು. ಟೇಬಲ್ ಮಾಡಿದ್ದೂ, ಲೋಡ್ ಮಾಡುವ ಸ್ಕ್ರಿಪ್ಟ್ ಬರೆದಿದ್ದೂ ಹೊರಗಿನ ಒಂದು ಗುತ್ತಿಗೆ ಕಂಪನಿ. ಸ್ಕ್ರಿಪ್ಟ್ ಓಡಿತು, ಒಂದೂ ಎರರ್ ಇಲ್ಲ. ಆಮೇಲೆ ಎಸ್‌ಎಂಎಸ್ ಕಳಿಸುವ ವಿಭಾಗದವರು ಕೇಳಿದರು, ‘ಎಲ್ಲರ ಮೊಬೈಲ್ ನಂಬರೂ ಒಂದೇ ಇದೆಯಲ್ಲ?’ ತೆಗೆದು ನೋಡಿದರೆ ಸಾಲು ಸಾಲಾಗಿ 2147483647.

ಆ ಕಾಲಂ ಇಂಟ್ (ಪೂರ್ಣಾಂಕದ ಬಗೆ) ಆಗಿತ್ತು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಇದೇ. ನಮ್ಮ ಮೊಬೈಲ್ ನಂಬರುಗಳು ಶುರುವಾಗುವುದೇ 6ರಿಂದ 9ರೊಳಗಿನ ಅಂಕಿಯಿಂದ. ಒಂದೂ ಹಿಡಿಸಲ್ಲ. ತಪ್ಪು ಡೇಟಾ ಬಂದರೆ ಎರರ್ ಕೊಟ್ಟು ನಿಲ್ಲಿಸುವ ಸ್ಟ್ರಿಕ್ಟ್ ಮೋಡ್ ಆನ್ ಇತ್ತು, ತಡೀಬೇಕಿತ್ತು ಅಲ್ವಾ? ತಡೆಯಲ್ಲ. ಲೋಕಲ್ ಅಂತ ಬರೆದರೆ ಫೈಲ್ ಕ್ಲೈಂಟ್ (ಆದೇಶ ಕೊಡುವ ನಮ್ಮ ಕಂಪ್ಯೂಟರ್) ಕಡೆಯಿಂದ ಬರುತ್ತಿರುತ್ತದೆ, ಅದನ್ನು ನಡುವೆ ನಿಲ್ಲಿಸಲು ಸರ್ವರ್‌ಗೆ ಆಗಲ್ಲ. ಹಾಗಾಗಿ ತಪ್ಪುಗಳೆಲ್ಲ ಬರೀ ವಾರ್ನಿಂಗ್ ಆಗಿಬಿಡುತ್ತವೆ. ಅಂಕಿಯ ಕಾಲಂನಲ್ಲಿ ಖಾಲಿ ಬಿಟ್ಟ ಜಾಗ 0 ಆಗುತ್ತದೆ. ಉದ್ದದ ಹೆಸರು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಯೂನಿಕ್ ಕೀ (ಒಂದೇ ಮೌಲ್ಯ ಎರಡು ಸಲ ಬರಬಾರದೆಂಬ ಕಟ್ಟುಪಾಡು) ಇರುವ ಟೇಬಲ್: ಅಲ್ಲಿ ಅದೇ ಕೀ ಮತ್ತೆ ಬಂದರೆ ಇಡೀ ಸಾಲನ್ನೇ ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ.

ಆ ವಾರ್ನಿಂಗ್ ಕೂಡ ನಮಗೆ ಕಾಣಲಿಲ್ಲ. ಸ್ಕ್ರಿಪ್ಟ್ ಪ್ರತಿ ಫೈಲಿಗೂ ಹೊಸ ಕನೆಕ್ಷನ್ ತೆರೆದು ಮುಚ್ಚುತ್ತಿತ್ತು, ಜೊತೆಗೆ ವಾರ್ನಿಂಗ್‌ಗಳೂ ಹೋದವು. ಕಂಪನಿಯವರನ್ನು ಕೇಳಿದರೆ, ‘ಎರರ್ ಬಂದಿಲ್ಲವಲ್ಲ ಸರ್’ ಅಂದರು. ಜನರ ವಿವರ ಕೈಯಲ್ಲಿಟ್ಟುಕೊಂಡವರು ಆಡುವ ಮಾತೇ ಇದು? ನನಗೆ ಇವತ್ತಿಗೂ ಸಿಟ್ಟಿದೆ. ಪುಣ್ಯಕ್ಕೆ ಮೂಲ ಫೈಲುಗಳು ಉಳಿದಿದ್ದವು. ಇಲ್ಲದಿದ್ದರೆ ಆ ನಂಬರುಗಳನ್ನು ಟೇಬಲ್‌ನಿಂದ ವಾಪಸ್ ತೆಗೆಯಲು ದಾರಿಯೇ ಇರಲಿಲ್ಲ.

ನಿಮಗೂ ಇಂಥ ಕೆಲಸ ಬಂದರೆ ನೇರವಾಗಿ ಅಸಲಿ ಟೇಬಲ್‌ಗೆ ತುಂಬಬೇಡಿ. ಎಲ್ಲ ಕಾಲಂ ಸಾಕಷ್ಟು ಅಗಲದ ವಾರ್‌ಚಾರ್ (ಪಠ್ಯದ ಬಗೆ) ಆಗಿರುವ, ಯೂನಿಕ್ ಕೀ ಇಲ್ಲದ ತಾತ್ಕಾಲಿಕ ಟೇಬಲ್ ಮಾಡಿ. ಅದರಲ್ಲಿ ಫೈಲಿನ ಹೆಸರಿಗೂ ಒಂದು ಕಾಲಂ ಇರಲಿ, ಲೋಡ್ ಮಾಡುವಾಗಲೇ ‘ಸೆಟ್’ ಹಾಕಿ ತುಂಬಬಹುದು. ಕನ್ನಡ ಹೆಸರುಗಳಿದ್ದರೆ ಕ್ಯಾರೆಕ್ಟರ್ ಸೆಟ್ (ಅಕ್ಷರ ಸಂಕೇತ) ಯುಟಿಎಫ್8ಎಂಬಿ4 ಅಂತ ಅದೇ ಆದೇಶದಲ್ಲಿ ಬರೆಯಿರಿ, ಕನೆಕ್ಷನ್‌ನ ಅಕ್ಷರ ಸಂಕೇತ ಹೇಳುವ ‘ಸೆಟ್ ನೇಮ್ಸ್’ ಒಂದೇ ಸಾಲದು. ಆಮೇಲೆ ಸ್ಟ್ರಿಕ್ಟ್ ಮೋಡ್‌ನಲ್ಲೇ ‘ಇನ್ಸರ್ಟ್ ಸೆಲೆಕ್ಟ್’ ಮಾಡಿ ಅಸಲಿ ಟೇಬಲ್‌ಗೆ ಸಾಗಿಸಿ. ನಂಬರ್ ಹಿಡಿಸದಿದ್ದರೆ ಅಲ್ಲಿ ನಿಜವಾದ ಎರರ್ ಬಂದು ನಿಲ್ಲುತ್ತದೆ. ಕೊನೆಗೆ ಪ್ರತಿ ಫೈಲಿನ ಸಾಲುಗಳನ್ನು ಎಣಿಸಿ, ಕಾಲಂ ಹೆಸರುಗಳಿರುವ ತಲೆಸಾಲು ಕಳೆದು, ಟೇಬಲ್‌ನ ಲೆಕ್ಕಕ್ಕೆ ತಾಳೆ ನೋಡಿ. ಆ ತಾಳೆಪಟ್ಟಿ ಕೊಡದೆ ಗುತ್ತಿಗೆದಾರರ ಬಿಲ್ ಪಾಸ್ ಮಾಡಬೇಡಿ.