ಡಿಕ್ಕಿಯಲ್ಲಿ ಯಾವ ಪಂಪು ಇರಬೇಕು: ಮೂರನ್ನು ಬಳಸಿ ನೋಡಿದ ಮೇಲೆ

ಕಾರಿನಲ್ಲಿ ಸದಾ ಇರಬೇಕಾದ ಸಾಮಾನುಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಟೈರಿಗೆ ಗಾಳಿ ತುಂಬುವ ಪಂಪಿಗೆ, ಅದರಲ್ಲೂ ಕಾರಿನ 12 ವೋಲ್ಟ್ ಸಾಕೆಟ್ಟಿಗೆ ವೈರು ಸಿಕ್ಕಿಸಿ ನಡೆಸುವ ಪಂಪಿಗೆ. ಕಾಲಿನಲ್ಲಿ ತುಳಿಯುವ ಪಂಪನ್ನು 700 ರೂಪಾಯಿಗೆ, ಚಾರ್ಜ್ ಮಾಡಿ ಬಳಸುವ ಪಂಪನ್ನು 3,200 ರೂಪಾಯಿಗೆ, ಕೊನೆಗೆ ಈ ವೈರಿನ ಪಂಪನ್ನು 1,900 ರೂಪಾಯಿಗೆ ಕೊಂಡೆ. ಮೊದಲೇ ವೈರಿನದನ್ನು ಕೊಂಡಿದ್ದರೆ ನಡುವಿನ 3,200 ರೂಪಾಯಿ ಉಳಿಯುತ್ತಿತ್ತು.

ವಾರದ ದಿನಗಳಲ್ಲಿ ನಾನು ಉಡುಪಿಯಿಂದ ಮಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗಿಬರುತ್ತೇನೆ. ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಎಂದು ದಾರಿಯುದ್ದಕ್ಕೂ ಪಂಕ್ಚರ್ ಅಂಗಡಿಗಳು ಸಿಗುವುದರಿಂದ ಅಲ್ಲಿ ಚಿಂತೆಯಿಲ್ಲ. ಆದರೆ ತಿಂಗಳಿಗೆ ಎರಡು ಬಾರಿ ತೀರ್ಥಹಳ್ಳಿಯ ತವರಿಗೆ ಹೋಗಬೇಕಾದಾಗ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಹತ್ತಬೇಕು. ಆ ಕಾಡುದಾರಿಯಲ್ಲಿ ಟೈರು ಇಳಿದರೆ ನಮ್ಮ ಕೈಯಲ್ಲಿರುವುದೇ ನಮಗೆ ಗತಿ. ಚಕ್ರ ಬದಲಿಸಬಹುದಲ್ಲ ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು: ಅಂಗಡಿಯಲ್ಲಿ ಗಾಳಿಯ ಗನ್ನಿನಿಂದ ಬಿಗಿದ ನಟ್ಟುಗಳನ್ನು ಕಾರಿನ ಜೊತೆ ಬರುವ ಗಿಡ್ಡ ಸ್ಪ್ಯಾನರಿನಿಂದ ಸಡಿಲಿಸುವಷ್ಟು ಬಲ ನನ್ನ ತೋಳಿನಲ್ಲಿಲ್ಲ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದಾಗ ಗಾಳಿ ಸಾಮಾನ್ಯವಾಗಿ ನಿಧಾನವಾಗಿ ಸೋರುತ್ತದೆ. ಮೊಳೆಯನ್ನು ಕೀಳದೆ ಗಾಳಿ ತುಂಬಿಸಿಕೊಂಡು, ಬೇಕಾದರೆ ನಡುವೆ ಇನ್ನೊಮ್ಮೆ ತುಂಬಿಸಿ, ಅಂಗಡಿಯವರೆಗೆ ತಲುಪಬಹುದು. 2020ರ ನಿಯಮ ತಿದ್ದುಪಡಿಯ ನಂತರ, ಟೈರಿನ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ದುರಸ್ತಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಅಂಥ ಕಾರಿದ್ದವರಿಗಂತೂ ಪಂಪೇ ಆಧಾರ.

ಚಾರ್ಜ್ ಮಾಡುವ ಪಂಪನ್ನು ನಾನು ಬಹಳ ಆಸೆಯಿಂದ ಕೊಂಡಿದ್ದೆ. ಅಂಗೈಗಿಂತ ತುಸು ದೊಡ್ಡದು, ವೈರಿನ ಗೋಜಿಲ್ಲ, ಬೇಕಾದ ಒತ್ತಡ ಒತ್ತಿಟ್ಟರೆ ಅಲ್ಲಿಗೆ ತಾನೇ ನಿಲ್ಲುತ್ತದೆ. ಮನೆಯಂಗಳದಲ್ಲಿ ನಾಲ್ಕೈದು ಸಲ ಚೆನ್ನಾಗಿಯೇ ನಡೆಯಿತು. ಮಾರ್ಚಿನಲ್ಲಿ ಪೂರ್ತಿ ಚಾರ್ಜ್ ಮಾಡಿ ಡಿಕ್ಕಿಯಲ್ಲಿಟ್ಟೆ. ಏಪ್ರಿಲ್, ಮೇ ತಿಂಗಳ ನಮ್ಮ ಕರಾವಳಿಯ ಸೆಕೆಯಲ್ಲಿ, ಬಿಸಿಲಿಗೆ ನಿಂತ ಕಾರಿನೊಳಗೆ ಅದು ದಿನವಿಡೀ ಕಾದಿತು. ಲಿಥಿಯಂ ಬ್ಯಾಟರಿಗೆ ಶಾಖ ಆಗಿಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಆದರೂ ಹೊರತೆಗೆದು ನೋಡುವ ಮನಸ್ಸಾಗಲಿಲ್ಲ.

ತುಳುನಾಡಿನ ಮಳೆಗಾಲದ ಆಟಿ ತಿಂಗಳ ಒಂದು ಸಂಜೆ ಅಮ್ಮನನ್ನು ಕರೆದುಕೊಂಡು ಘಾಟಿ ಇಳಿದು ಬರುವಾಗ, ಸೋಮೇಶ್ವರ ದಾಟಿದ ಮೇಲೆ ಸ್ಟೀರಿಂಗ್ ಎಡಕ್ಕೆ ಎಳೆಯತೊಡಗಿತು. ಮುಂದಿನ ಎಡ ಟೈರಿನಲ್ಲಿ ಮೊಳೆ. ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ಪಂಪಿನ ಪರದೆಯಲ್ಲಿ ಬ್ಯಾಟರಿಯ ಎರಡು ಗೆರೆ ಕಂಡವು. ಟೈರಿನ ಒತ್ತಡ 19 ಪಿಎಸ್‌ಐ ತಲುಪಿದಾಗ ಎರಡೂ ಗೆರೆಗಳು ಹೋಗಿ, ಪಂಪು ನಿಂತಿತು. ಕಾರಿನ ಚಾರ್ಜರಿಗೆ ಸಿಕ್ಕಿಸಿದರೆ ನಡೆಯಬಹುದೆಂದುಕೊಂಡೆ. ಚಾರ್ಜ್ ಆಗುತ್ತಿರುವಾಗ ಆ ಪಂಪು ಕೆಲಸವನ್ನೇ ಮಾಡುವುದಿಲ್ಲ! ಇಪ್ಪತ್ತು ನಿಮಿಷ ಕಾದು ಮತ್ತೆ ಒತ್ತಿದರೂ ಒತ್ತಡ ಒಂದೇ ಒಂದು ಪಿಎಸ್‌ಐ ಏರಿತು, ಅದೂ ಅಷ್ಟರಲ್ಲಿ ಸೋರಿಹೋಗಿತ್ತು. ತುಂಬಿದ ಬ್ಯಾಟರಿ ಇರುವ ಕಾರೊಂದು ಪಕ್ಕದಲ್ಲೇ ಚಾಲೂ ಇರುವಾಗ, ಅದರಿಂದ ನೇರವಾಗಿ ಕರೆಂಟು ತೆಗೆದುಕೊಳ್ಳಲಾಗದ ಪಂಪನ್ನು ಕಾರಿಗೆಂದು ಮಾರುವುದು ನನಗೆ ಇಂದಿಗೂ ಸರಿಯೆನಿಸುವುದಿಲ್ಲ.

ಕೊನೆಗೆ ಸೀಟಿನಡಿಯಿಂದ ಹಳೆಯ ಕಾಲುಪಂಪನ್ನು ತೆಗೆದೆ. ಉಪ್ಪುಗಾಳಿಗೆ ಅದರ ಸ್ಪ್ರಿಂಗು, ಕೀಲುಗಳೆಲ್ಲ ತುಕ್ಕು ಹಿಡಿದು ಗಿರುಗುಟ್ಟುತ್ತಿದ್ದವು, ಮೀಟರಿನ ಗಾಜಿನೊಳಗೆ ನೀರಿನ ಮಂಜು ಕಟ್ಟಿತ್ತು. ಅಮ್ಮ ಕೊಡೆ ಹಿಡಿದು ನಿಂತು, “ನೀನು ತುಳಿ, ನಾನು ಎಣಿಸ್ತೀನಿ” ಎಂದರು. 140 ತುಳಿತಕ್ಕೆ ಮುಳ್ಳು 30ರ ಹತ್ತಿರ ಬಂತು. ಹೆಬ್ರಿಗೆ ತಲುಪಿದೆವು. ಅಂಗಡಿಯಾತ ಮೊಳೆ ಕಿತ್ತು ಪ್ಲಗ್ ಹಾಕಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಹಾಗೆಂದು ಕಾಲುಪಂಪೇ ಸಾಕು ಎನ್ನಲಾರೆ. ಮಂಡಿನೋವಿರುವವರಿಗೆ, ವಯಸ್ಸಾದವರಿಗೆ ಅದು ಆಗದ ಕೆಲಸ.

ವೈರಿನ ಪಂಪಿಗೂ ಒಂದು ಕಿರಿಕಿರಿ ಇದೆ: ಫ್ಯೂಸು. ಪಂಪು ಹೆಚ್ಚು ಕರೆಂಟು ಎಳೆಯುವುದರಿಂದ, ಸಾಕೆಟ್ಟಿನ ಫ್ಯೂಸು 10 ಆಂಪಿಯರಿನದಾದರೆ ಸುಡುವ ಸಂಭವವಿದೆ. ಮೊದಲ ತಿಂಗಳಲ್ಲೇ ನನ್ನದು ಒಮ್ಮೆ ಸುಟ್ಟಿತು. ಆದ್ದರಿಂದ ಕೊಳ್ಳುವ ಮೊದಲು ಪಂಪಿನ ಆಂಪಿಯರನ್ನೂ ಕಾರಿನ ಕೈಪಿಡಿಯಲ್ಲಿ ಸಾಕೆಟ್ಟಿನ ಫ್ಯೂಸನ್ನೂ ತಾಳೆ ನೋಡಬೇಕು. ಕೆಂಪು ಬಣ್ಣದ್ದು 10, ನೀಲಿ 15. ಸುಟ್ಟಿತೆಂದು ದೊಡ್ಡ ಫ್ಯೂಸು ಹಾಕಿದರೆ ವೈರಿಂಗೇ ಬಿಸಿಯಾಗಿ ಅಪಾಯವಾದೀತು. ನಾನು ಕಡಿಮೆ ಆಂಪಿಯರಿನ ಪಂಪಿಗೆ ಬದಲಿಸಿಕೊಂಡು, ಅದೇ ಅಳತೆಯ ಎರಡು ಫ್ಯೂಸುಗಳನ್ನು ಪಂಪಿನ ಚೀಲದಲ್ಲೇ ಇಟ್ಟಿದ್ದೇನೆ. ಎಂಜಿನ್ ಚಾಲೂ ಇಟ್ಟೇ ನಡೆಸುತ್ತೇನೆ, ಹತ್ತು ನಿಮಿಷ ಮೀರಿಸುವುದಿಲ್ಲ. 20ರಿಂದ 33ಕ್ಕೆ ಏರಲು ನಾಲ್ಕು ನಿಮಿಷ ಸಾಕು. ಸದ್ದು ಹೆಚ್ಚು. ವೈರು ಹಿಂದಿನ ಚಕ್ರದವರೆಗೆ ಮುಟ್ಟುತ್ತದೆಯೇ ಎಂದು ಅಂಗಡಿಯಲ್ಲೇ ಬಿಡಿಸಿ ನೋಡಿ.

ಟೈರಿನ ಪಕ್ಕ ಸೀಳಿದರೆ ಯಾವ ಪಂಪೂ ಉಪಯೋಗಕ್ಕೆ ಬಾರದು. ಸ್ಟೆಪ್ನಿ, ಜಾಕ್, ಉದ್ದ ಹಿಡಿಯ ಸ್ಪ್ಯಾನರು, ನೆನೆದ ಮಣ್ಣಿನಲ್ಲಿ ಜಾಕ್ ಹೂತುಹೋಗದಂತೆ ಅಡಿಗಿಡಲು ಒಂದು ಹಲಗೆ, ಎಚ್ಚರಿಕೆಯ ತ್ರಿಕೋನ, ತಲೆಗೆ ಕಟ್ಟುವ ಟಾರ್ಚು ಇವು ನನ್ನ ಡಿಕ್ಕಿಯಲ್ಲಿವೆ.

ಮಂಗಳೂರು ಪೇಟೆಯೊಳಗಷ್ಟೇ ಓಡಾಡುವವರಿಗೆ ಕಾಲುಪಂಪು ಸಾಕು, ಹೇಗೂ ಪೆಟ್ರೋಲ್ ಬಂಕುಗಳಲ್ಲಿ ಗಾಳಿ ಸಿಗುತ್ತದೆ. ಪ್ರತಿ ವಾರ ತಪ್ಪದೆ ಚಾರ್ಜ್ ಮಾಡುವ ಶಿಸ್ತಿರುವ ನನ್ನ ಅಕ್ಕನಿಗೆ ಆ ಬ್ಯಾಟರಿ ಪಂಪನ್ನೇ ಕೊಟ್ಟೆ. ಅವಳು ಅದನ್ನು ಸ್ಕೂಟರಿಗೂ ಬಳಸುತ್ತಾಳೆ. ನನ್ನ ಬಳಿ ವೈರಿನದು ಡಿಕ್ಕಿಯಲ್ಲಿದೆ, ಕೀಲಿಗೆ ಗ್ರೀಸ್ ಹಚ್ಚಿದ ಕಾಲುಪಂಪು ಮೊದಲಿನಂತೆ ಸೀಟಿನಡಿಯಲ್ಲಿದೆ.