ಮ್ಯಾಟ್ ಅಲ್ಯೂಮಿನಿಯಂ ಬಣ್ಣ: ತಮಿಯಾ ಎಕ್ಸ್‌ಎಫ್-16 ಒಳ್ಳೆಯದಾ, ವಯೇಹೊ ಮೆಟಲ್ ಕಲರ್ ಒಳ್ಳೆಯದಾ?

1/72 ಅಳತೆಯ ಮಿಗ್-21 ವಿಮಾನದ ಪ್ಲಾಸ್ಟಿಕ್ ಮಾಡೆಲ್‌ಗೆ ಈ ಎರಡು ಬಣ್ಣಗಳಲ್ಲಿ ಯಾವುದು ಅಂತ ಕೇಳಿದ್ದೀರಿ. ಮೊದಲು ನಿಮ್ಮ ಹತ್ತಿರ ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಸಾಧನ) ಇದೆಯಾ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬರೀ ಬ್ರಷ್ ಇದ್ದರೆ ವಯೇಹೊ ಸುಲಭ. ಲೋಹದ ಪುಡಿ ತುಂಬಾ ನಯ, ವಾಸನೆಯೂ ಕಡಿಮೆ. ತಮಿಯಾದಲ್ಲಿ ಆಲ್ಕೋಹಾಲ್ ಇರುವುದರಿಂದ ಬೇಗ ಒಣಗುತ್ತದೆ, ಎರಡನೇ ಕೋಟ್ ಎಳೆಯುವಾಗ ಕೆಳಗಿನದು ಕರಗಿ ಬ್ರಷ್ ಜೊತೆಗೇ ಎದ್ದು ಬರುತ್ತದೆ. ಅಗಲವಾದ ರೆಕ್ಕೆಗೆ ಬ್ರಷ್‌ನಲ್ಲಿ ಅದು ಬೇಡವೇ ಬೇಡ.

ಏರ್‌ಬ್ರಷ್ ಇದ್ದರೆ ಲೆಕ್ಕ ಬದಲಾಗುತ್ತದೆ. ತಮಿಯಾವನ್ನು ಲ್ಯಾಕರ್ ಥಿನ್ನರ್‌ನಲ್ಲಿ ತೆಳು ಮಾಡಿ ಹೊಡೆದರೆ ಪ್ಲಾಸ್ಟಿಕ್ಕನ್ನು ಗಟ್ಟಿಯಾಗಿ ಹಿಡಿಯುತ್ತದೆ, ಮಾಸ್ಕಿಂಗ್ ಟೇಪ್ ಕಿತ್ತರೂ ಸಾಮಾನ್ಯವಾಗಿ ಏಳುವುದಿಲ್ಲ (ಕಿಟಕಿ ತೆರೆದಿಡಿ, ಆವಿ ತಡೆಯುವ ಮಾಸ್ಕ್, ಅಂದರೆ ರೆಸ್ಪಿರೇಟರ್ ಹಾಕಲೇಬೇಕು). ವಯೇಹೊ ಮೇಲೆ ಟೇಪ್ ಹಾಕುವುದಾದರೆ ಕೆಳಗೆ ಒಳ್ಳೆಯ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ) ಇರಲೇಬೇಕು.

ನೋಟದಲ್ಲಿ ಎಕ್ಸ್‌ಎಫ್-16 ಮಂಕು, ಸ್ವಲ್ಪ ತರಿತರಿ. ಬಿಸಿಲು ಮಳೆಗೆ ಮಾಸಿದ ವಿಮಾನಕ್ಕೆ ಅದೇ ಚೆನ್ನ. ಹೊಸ ಲೋಹದ ಮೈ ಬೇಕಾದರೆ, ಮೊದಲು ಹೊಳಪಿನ ಕಪ್ಪು ಬಣ್ಣ ಹೊಡೆದು ಅದರ ಮೇಲೆ ವಯೇಹೊ. ಅದರ ಮೇಲೆ ಪೂರ್ತಿ ಮ್ಯಾಟ್ ವಾರ್ನಿಷ್ ಮಾತ್ರ ಹೊಡೆಯಬೇಡಿ, ಸುಮ್ನೆ ಬೂದು ಬಣ್ಣದ ಹಾಗೆ ಕಾಣುತ್ತದೆ. ಅರೆ ಹೊಳಪಿನ (ಸೆಮಿ-ಗ್ಲಾಸ್) ವಾರ್ನಿಷ್ ಸಾಕು.

ತಮಿಯಾ 10 ಮಿ.ಲೀ. ಬಾಟಲಿಯಲ್ಲೂ ಬರುತ್ತದೆ, ವಯೇಹೊ 32. ಒಂದೇ ಮಾಡೆಲ್ ಅಂದರೆ ಚಿಕ್ಕದೇ ಸಾಕಲ್ವಾ?