ಮೋಲ್ ದಾರಿಯೋ, ತೂಕದ ಅನುಪಾತವೋ?

ಸಿಇಟಿ ಕೆಮಿಸ್ಟ್ರಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಕ್ಯಾಲ್ಕುಲೇಟರ್ ಇಲ್ಲ. ರಾಸಾಯನಿಕ ಕ್ರಿಯೆಯಲ್ಲಿ ಯಾವುದು ಎಷ್ಟು ಬರುತ್ತದೆ ಅನ್ನೋ ಲೆಕ್ಕಕ್ಕೆ ಎರಡು ದಾರಿ: ನೇರ ತೂಕದ ಅನುಪಾತ, ಇಲ್ಲವೇ ಮೋಲ್, ಅಂದರೆ ಕಣಗಳನ್ನು ಎಣಿಸುವ ಅಳತೆ.

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅದು ಅನುಪಾತದ ಲೆಕ್ಕ. ಪರೀಕ್ಷೆಯಲ್ಲೂ ನಡೆಯುತ್ತದೆ. 25 ಗ್ರಾಂ ಶುದ್ಧ ಸುಣ್ಣದಕಲ್ಲು ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಎಷ್ಟು? 100 ಗ್ರಾಂ ಕಲ್ಲಿಗೆ 44 ಗ್ರಾಂ ಅನಿಲ, ಕಾಲು ಭಾಗಕ್ಕೆ 11. ಮುಗೀತು. ಮೋಲ್ ದಾರಿಯಲ್ಲಿ, ಒಂದು ಮೋಲ್ ಕಲ್ಲು 100 ಗ್ರಾಂ, ಒಂದು ಮೋಲ್ ಅನಿಲ 44 ಗ್ರಾಂ; ಮೊದಲು 25/100 = 0.25 ಮೋಲ್, ಆಮೇಲೆ 44ರಿಂದ ಗುಣಿಸಬೇಕು. ಉತ್ತರ ಅದೇ, ಒಂದು ಹೆಜ್ಜೆ ಜಾಸ್ತಿ.

ಅದೇ ಕಲ್ಲಿಗೆ 0.4 ಮೋಲ್ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ? ಒಂದು ಮೋಲ್ ಕಲ್ಲಿಗೆ ಎರಡು ಮೋಲ್ ಆಸಿಡ್, ಹಾಗಾಗಿ 0.25 ಮೋಲ್ ಪೂರ್ತಿ ಕರಗಲು 0.5 ಮೋಲ್ ಬೇಕು. ಆಸಿಡ್ ಮೊದಲು ಖಾಲಿಯಾಗುತ್ತದೆ. ಬರುವುದು 0.2 ಮೋಲ್ ಅನಿಲ, ಅಂದರೆ 8.8 ಗ್ರಾಂ. ಅನುಪಾತ ನಂಬಿ ಸುಮ್ನೆ 11 ಅಂತ ಗುರುತು ಹಾಕಿ ಬಂದವನು ನಾನು. ಆಯ್ಕೆಗಳಲ್ಲಿ ಆ 11 ಕಾದು ಕೂತಿರುತ್ತದೆ, ಅಲ್ವಾ!

ಮೊಲಾರಿಟಿ (ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್), ಅನಿಲದ ಗಾತ್ರ ಬಂದರೂ ಮೋಲೇ ಸಲೀಸು. ಇನ್ನೂ ಮೊದಲ ಪಿಯುಸಿಯಲ್ಲಿದ್ದರೆ ಮೋಲ್ ಹಿಡಿಯಿರಿ. ಪರೀಕ್ಷೆಗೆ ಮೂರೇ ವಾರ ಉಳಿದಿದ್ದು, ಮೋಲ್ ತಲೆಗೆ ಹತ್ತುತ್ತಿಲ್ಲವಾ? ಅನುಪಾತ ಸಾಕು, ಆದರೆ ಒಂದೇ ವಸ್ತುವಿನ ತೂಕ ಕೊಟ್ಟಲ್ಲಿ ಮಾತ್ರ.